ಸಿಂತಾಳ ಜಾಡಿ: ಕೊನೆಯವರು ಯಾರು?

"ಉರಿ ಸಣ್ಣ ಮಾಡು, ಎಲಾದಿಯೋ! ನಾನು ಒಬ್ಬಳನ್ನ ಹುರಿಯೋಕೆ ಹೋಗ್ತಿದೀನಿ. ಅಷ್ಟರಲ್ಲಿ ನೀನು ಚುರ್ರೋ ಸೀದು ಹಾಕಬೇಡ."

ನನ್ನ ಗಂಡ ತಲೆ ಎತ್ತಲಿಲ್ಲ. ಎರಡು ಕಡ್ಡಿಗಳಿಂದ ಬಾಣಲೆಯಲ್ಲಿದ್ದ ಹಿಟ್ಟಿನ ಸುರುಳಿಯನ್ನು ಮಗುಚಿ ಹಾಕಿದ.

"ಹೋಗಬೇಡ, ಒಬ್ದೂಲಿಯಾ," ಅಂದ. "ಬಿಟ್ಟುಬಿಡು. ಆಗೋದು ಆಗಲಿ."

ಆಗೋದು ಆಗಲಿಯಂತೆ! ಈ ಮನುಷ್ಯ ಜೀವಮಾನದಲ್ಲಿ ಮಧ್ಯಾಹ್ನದ ನಿದ್ದೆಯೊಂದನ್ನು ಬಿಟ್ಟು ಬೇರೇನನ್ನೂ ಕದ್ದವನಲ್ಲ. ಅಂಥವನ ಮೇಲೆ ಕಳ್ಳತನದ ಅಪವಾದ ಬಂದು ವಾರವಾಯಿತು, ಅವನು ಹಸುವಿನ ಹಾಗೆ ಸುಮ್ಮನಿದ್ದಾನೆ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಹಿಂದಿನ ಶುಕ್ರವಾರದ ಸಂತೆಯಲ್ಲಿ, ಪಕ್ಕದ ಆಲಿವ್ ಅಂಗಡಿಯ ಸಿಂತಾಳ ಮಣ್ಣಿನ ಜಾಡಿ ಕಾಣೆಯಾಗಿತ್ತು. ಅದರ ಮುಚ್ಚಳ ನಮ್ಮ ಚುರ್ರೋ ಅಂಗಡಿಯ ಮೇಜಿನ ಕೆಳಗೆ ಸಿಕ್ಕಿತ್ತು. ಸಾಲದ್ದಕ್ಕೆ, ಜಾಡಿ ಹೊತ್ತೊಯ್ದದ್ದು ಎಲಾದಿಯೋನೇ, ಕಣ್ಣಾರೆ ಕಂಡೆ ಎಂದು ಒಬ್ಬಳು ಸಾಕ್ಷಿ ಹೇಳಿದ್ದಳು.

ಇವತ್ತು ಬೆಳಿಗ್ಗೆ ಸಂತೆ ಪೊಲೀಸ್ ರುಫೀನೋ ಬಂದು, ಚುರ್ರೋ ತಿನ್ನದೆ, ಟೋಪಿ ಕೈಯಲ್ಲಿ ಹಿಡಿದು ನಿಂತಾಗಲೇ ಕೆಟ್ಟ ಸುದ್ದಿಯೆಂದು ನನಗೆ ಗೊತ್ತಾಗಿತ್ತು. ಎಲಾದಿಯೋ ಜೊತೆ ಇಸ್ಪೀಟು ಆಡುವವನು ಅವನು. ಪಾಪ, ನನ್ನ ಮುಖ ನೋಡಲೂ ಆಗದೆ ನೆಲ ನೋಡುತ್ತಿದ್ದ.

"ಅಕ್ಕಾ, ಇದು ನನ್ನ ಮಾತಲ್ಲ, ಪುರಸಭೆಯವರದು. ಸಂತೆ ಮುಗಿಯೋ ಹೊತ್ತಿಗೆ ಬೇರೆ ಕಳ್ಳ ಸಿಗದಿದ್ರೆ ನಿಮ್ಮ ಜಾಗದ ಪರವಾನಗಿ ನಾನೇ ಕಿತ್ಕೋಬೇಕು."

"ಕಿತ್ಕೋ ನೋಡೋಣ. ಕೈ ಎಣ್ಣೇಲಿ ಅದ್ದಿ ಕಳಿಸ್ತೀನಿ."

ಹೇಳಿದೆ, ನಿಜ. ಆದರೆ ಅವನು ಆಚೆ ಹೋದ ಮೇಲೆ ಲೆಕ್ಕ ಹಾಕಿದೆ. ತೊರ್ರೆಸಾಲ್ ಸಂತೆಯ ಆ ಮೂಲೆ ಎಲಾದಿಯೋನ ಅಪ್ಪನಿಂದ ಬಂದದ್ದು. ಸಮುದ್ರದ ಗಾಳಿ ನೇರವಾಗಿ ಬಡಿದು ಚುರ್ರೋ ವಾಸನೆಯನ್ನು ಬೀದಿಯುದ್ದಕ್ಕೂ ಒಯ್ಯುವ ಜಾಗ. ಅದು ಹೋದರೆ ನಮಗೆ ಊರೇ ಹೋದ ಹಾಗೆ. ಇನ್ನು 'ಕಳ್ಳ ಎಲಾದಿಯೋ' ಎಂಬ ಹೆಸರು ಉಳಿದರೆ ಅವನು ಬದುಕುವುದಿಲ್ಲ, ಅಷ್ಟು ಮೆದು ಮನುಷ್ಯ.

ಜಾಡಿಯಲ್ಲಿ ಬಂಗಾರವೇನೂ ಇರಲಿಲ್ಲ, ಉಪ್ಪುನೀರಿತ್ತು. ಆದರೆ ಅದು ಸಿಂತಾಳ ಮುತ್ತಜ್ಜಿ ಕಾಲದಿಂದ ಇಳಿದು ಬಂದ ಉಪ್ಪುನೀರು. ಹೊಸ ಕಾಯಿ ನೆನೆಹಾಕುವಾಗ ಅದರಿಂದ ಒಂದೊಂದು ಸೌಟು ಬಿದ್ದರೇ ಸಿಂತಾಳ ಆಲಿವ್‌ಗೆ ಆ ರುಚಿ. ಮೊಸರಿಗೆ ಹೆಪ್ಪು ಇದ್ದ ಹಾಗೆ. ಈಗ ಅಕ್ಟೋಬರ್, ಹೊಸ ಕಾಯಿ ಬಂದು ಪೀಪಾಯಿಗಳಲ್ಲಿ ಕುಳಿತಿವೆ, ಹೆಪ್ಪು ಮಾತ್ರ ಇಲ್ಲ.

ನಾನು ಏಪ್ರನ್ ಕೊಡವಿಕೊಂಡು ಹೊರಟೆ.

ಸಂತೆ ಜೋರಾಗಿತ್ತು. ಒಳಉಡುಪಿನ ರಾಶಿಯ ಪಕ್ಕದಲ್ಲಿ ಕುರ್ಚಿ ಹತ್ತಿ ನಿಂತವನು, "ಬನ್ರೇ ಸುಂದರೀರಾ, ಸೊಸೆಗೂ ಆಗತ್ತೆ, ಅತ್ತೆಗೂ ಆಗತ್ತೆ, ಎಳೆದ್ರೆ ಬೀಗಿತೀಗೂ ಆಗತ್ತೆ!" ಎಂದು ಕೂಗುತ್ತಿದ್ದ. ಅಂಜೂರದವಳು ಹಣ್ಣು ಮುಟ್ಟಿದವರ ಕೈಗೆಲ್ಲ ಹೊಡೆಯುತ್ತಿದ್ದಳು. ಬೀದಿಯ ತುದಿಯಲ್ಲಿ ಸಮುದ್ರ ಬಿಸಿಲಿಗೆ ಮಿನುಗುತ್ತಿತ್ತು. ಇಂಥ ದಿನ ಜಗಳವಾಡಲು ಎಷ್ಟು ಚೆನ್ನ ಅನ್ನಿಸಿತು ನನಗೆ.

ಸಾಕ್ಷಿ ಹೇಳಿದವಳು ಕಾಸಿಲ್ದಾ. ಎದುರು ಬದಿಯಲ್ಲಿ ಹುಲ್ಲಿನ ಟೋಪಿ, ಈಜುಡುಗೆ ಮಾರುತ್ತಾಳೆ. ಸಮುದ್ರಸ್ನಾನಕ್ಕೆ ಬರುವ ಪರದೇಶದವರೇ ಅವಳ ಗಿರಾಕಿಗಳು. ನಮ್ಮ ಮದುವೆಗೆ ಮುಂಚೆ ಒಂದು ಹಬ್ಬದಲ್ಲಿ ಎಲಾದಿಯೋ ಜೊತೆ ಕುಣಿದಿದ್ದಳು. ಒಂದೇ ಹಾಡಿಗೆ, ನೀಲಿ ಲಂಗ ಹಾಕಿಕೊಂಡು. ನಾನದನ್ನು ಎಂದೋ ಮರೆತುಬಿಟ್ಟಿದ್ದೇನೆ.

"ಕಾಸಿಲ್ದಾ, ಬಾ ಸ್ವಲ್ಪ."

"ಗಿರಾಕಿ ಇದಾರೆ, ಕಾಣಲ್ವಾ?"

"ಆ ಟೋಪಿ ಅವನಿಗೆ ಕೂರಲ್ಲ. ಅವನ ತಲೆ ಕುಂಬಳಕಾಯಿ, ನಿನ್ನ ಟೋಪಿ ಕಿತ್ತಳೆ ಹಣ್ಣಿಗೆ ಹೊಲಿದದ್ದು. ಬಾ, ಹೋದ ವಾರ ಎಲ್ಲಿ ನಿಂತು ನೋಡಿದೆ ಅಂತ ತೋರ್ಸು."

"ರುಫೀನೋಗೆ ಹೇಳಿ ಆಗಿದೆ."

"ನನಗೂ ಹೇಳು. ಹೆದರಿಕೇನಾ?"

ಕಾಸಿಲ್ದಾಳಿಗೆ 'ಹೆದರಿಕೆ' ಅಂದರೆ ಸಾಕು. ಮೂಗು ಮೇಲೆ ಮಾಡಿಕೊಂಡು ನನ್ನ ಹಿಂದೆಯೇ ಬಂದಳು.

ಸಿಂತಾಳ ಅಂಗಡಿ ಮುಂದೆ ಎಂದಿನಂತೆ ಹೆಂಗಸರು ಗುಂಪುಗುಂಪಾಗಿದ್ದರು. ಸಿಂತಾ ತೂತಿನ ಸೌಟಿನಲ್ಲಿ ಆಲಿವ್ ಎತ್ತಿ ಎತ್ತಿ ಹಾಕುತ್ತಿದ್ದಳು. ಎಳೆ ವಯಸ್ಸಿನಲ್ಲೇ ಅಜ್ಜಿಯ ಅಂಗಡಿ ಹೆಗಲಿಗೇರಿಸಿಕೊಂಡ ಹುಡುಗಿ. ಹುಟ್ಟಿದಾಗ ಇಗರ್ಜಿಯಲ್ಲಿ ಅವಳನ್ನು ಎತ್ತಿ ಹಿಡಿದು ತಲೆಗೆ ಜ್ಞಾನಸ್ನಾನದ ನೀರು ಹಾಕಿಸಿದವಳು ನಾನು. ನನ್ನನ್ನು ಅತ್ತೆ ಎಂದೇ ಕರೆಯುತ್ತಾಳೆ.

"ಅತ್ತೆ, ಜಗಳ ಬೇಡಾ," ಅಂದಳು. "ಜಾಡಿ ಹೋಯ್ತು, ಹೋಯ್ತು. ಮಾವನ್ನ ನಾನೇನಾದ್ರೂ ಅಂದ್ನಾ?"

"ನೀನು ಸುಮ್ನಿರು ಮಗಳೇ. ಹೂಂ, ಕಾಸಿಲ್ದಾ. ಎಲ್ಲಿದ್ದೆ?"

ಕಾಸಿಲ್ದಾ ದೀಪದ ಕಂಬದ ಪಕ್ಕ ಹೋಗಿ ನಿಂತಳು.

"ಇಲ್ಲೇ. ಇಗರ್ಜಿ ಗಂಟೆ ಹನ್ನೊಂದು ಹೊಡೀತಿತ್ತು. ಆಲಿವ್‌ಗೆ ಅಂತ ಸಾಲಲ್ಲಿ ನಿಂತಿದ್ದೆ. ನನ್ನ ಮುಂದೆ ಬ್ಲಾಸಾ. ಇವಳ ಕಪ್ಪು ಶಾಲು ನನ್ನ ಮೂಗಿಗೇ ತಾಗ್ತಿತ್ತು. ಪಕ್ಕಕ್ಕೆ ಬಗ್ಗಿ ನೋಡ್ದೆ, ಡೇರೆ ಸಂದೀಲಿ ಎಲಾದಿಯೋ ಜಾಡಿ ತಬ್ಕೊಂಡು ಹೋಗ್ತಿದ್ದ. ಸಾಕಾ?"

ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬ್ಲಾಸಾ, ಎಲ್ಲರಿಗಿಂತ ಹಿರಿಯಳು, ನಿಧಾನವಾಗಿ ಕೇಳಿದಳು.

"ಸಾಲಾ? ಯಾವ ಸಾಲೇ?"

ನಾನು ಕಾಯುತ್ತಿದ್ದದ್ದು ಇದಕ್ಕೇ.

ನಮ್ಮೂರಲ್ಲಿ ಸಾಲು ನಿಲ್ಲುವವರು ಯಾರಿದ್ದಾರೆ? ಬಿಸಿಲಲ್ಲಿ ಒಬ್ಬರ ಬೆನ್ನು ಒಬ್ಬರು ನೋಡುತ್ತ ನಿಲ್ಲಲು ನಾವೇನು ಸೈನಿಕರೇ? ಅಂಗಡಿಗೆ ಬಂದವಳು ಗಟ್ಟಿಯಾಗಿ "ಕೊನೆಯವರು ಯಾರು?" ಎಂದು ಕೇಳುತ್ತಾಳೆ. ಯಾರೋ "ನಾನು" ಅನ್ನುತ್ತಾರೆ. ಆ ಮುಖ ನೆನಪಿಟ್ಟುಕೊಂಡರೆ ಮುಗಿಯಿತು. ಇನ್ನು ನೆರಳಿಗೆ ಹೋಗಲಿ, ಮೀನು ಕೊಳ್ಳಲಿ, ಸೊಸೆಯನ್ನು ಬೈಯಲಿ, ತನ್ನ ಮುಂದಿನವಳ ಪಾಳಿ ಬಂದಾಗ ತಾನು ಹಾಜರಿದ್ದರಾಯಿತು. ಸಾಲು ನೆಲದ ಮೇಲೆ ಇರುವುದಿಲ್ಲ, ಎಲ್ಲರ ತಲೆಯೊಳಗಿರುತ್ತದೆ.

ಬೆನ್ನ ಹಿಂದೆ ಬೆನ್ನು ನಿಲ್ಲುವವರು ಕಾಸಿಲ್ದಾಳ ಅಂಗಡಿಯ ಪರದೇಶದವರು. ದಿನಾ ಅವರನ್ನೇ ನೋಡಿ ನೋಡಿ, ಸುಳ್ಳು ಕಟ್ಟುವಾಗ ಅವಳ ಬಾಯಿಗೆ ಅದೇ ಸಾಲು ಬಂದಿತ್ತು.

"ಬ್ಲಾಸಕ್ಕಾ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಹೋದ ವಾರ ನೀನು ಕೊನೆಯವಳಾಗಿದ್ದಾಗ ಯಾರು ಬಂದು ಕೇಳಿದ್ದು?"

"ಪೂರಾ."

"ಹೌದು, ನಾನೇ," ಎಂದಳು ಪೂರಾ, ತನ್ನ ತರಕಾರಿ ಗಾಡಿಯ ಮೇಲೆ ಕುಳಿತಲ್ಲಿಂದಲೇ. "ನಂದಾದ್ಮೇಲೆ ಆ ಕೆಂಪು ಮೂಗಿನ ಇಂಗ್ಲಿಷಪ್ಪ."

ಇಂಗ್ಲಿಷಪ್ಪ ಅಲ್ಲೇ ಇದ್ದ, ಪ್ರತಿ ಶುಕ್ರವಾರದಂತೆ. ಮೊದಮೊದಲು ಖಾಲಿ ಬೀದಿಯಲ್ಲಿ ಒಬ್ಬನೇ ಸಾಲು ನಿಂತು ಎಲ್ಲರ ನಗೆಗೆ ಈಡಾಗುತ್ತಿದ್ದವನು. ಬ್ಲಾಸಾಳೇ ಅವನಿಗೆ ಕೇಳುವುದನ್ನು ಕಲಿಸಿದ್ದಳು. ಈಗ ಅವನು ತನ್ನ ಪಾಳಿ ಬಂತೆಂದುಕೊಂಡು ಕೈ ಎತ್ತಿ ಜೋರಾಗಿ ಕೂಗಿದ.

"ಕೊನೆಯವರು ಯಾರು?"

"ಅಯ್ಯೋ, ಈಗಲ್ಲ ಮಾರಾಯ, ಹೋದ ವಾರ!" ಎಂದು ಪೂರಾ ಅವನ ತೋಳು ಜಗ್ಗಿದಳು. "ನೀನು ಯಾರ ಹಿಂದೆ ಇದ್ದೆ?"

ಅವನು ಪೂರಾಳ ಕಡೆ ಬೆರಳು ತೋರಿಸಿದ. ಆಮೇಲೆ ತಿರುಗಿ, ತನ್ನ ಹಿಂದಿನವಳೆಂದು ತೆಕ್ಲಾಳನ್ನು ತೋರಿಸಿದ. ತೆಕ್ಲಾ, "ಹೌದೌದು, ಇವನ ಹಿಂದೆ ನಾನು, ಇವನು ನನ್ನ ಪಾಳಿಗೆ ಕಾದು ನಿಂತು ನನ್ನ ಚೀಲಾನೂ ಹೊತ್ತುಕೊಟ್ಟ," ಎಂದು ನಾಚಿಕೊಂಡಳು. ಗಂಡ ಸತ್ತ ಮೇಲೆ ತೆಕ್ಲಾ ನಾಚಿಕೊಂಡದ್ದನ್ನು ನಾವ್ಯಾರೂ ನೋಡಿರಲಿಲ್ಲ. ಒಂದಿಷ್ಟು ಹೊತ್ತು ಜಾಡಿ ಎಲ್ಲರಿಗೂ ಮರೆತೇ ಹೋಯಿತು.

"ಆಮೇಲೆ ನಗಾಡಿ!" ಎಂದು ಗದರಿದೆ. "ಬ್ಲಾಸಾ, ಪೂರಾ, ಇಂಗ್ಲಿಷಪ್ಪ, ತೆಕ್ಲಾ. ಇದರಲ್ಲಿ ಕಾಸಿಲ್ದಾ ಎಲ್ಲಿ?"

"ಬ್ಲಾಸಂಗೆ ವಯಸ್ಸಾಯ್ತು, ಮರೆತಿರ್ತಾಳೆ," ಎಂದಳು ಕಾಸಿಲ್ದಾ.

ಅಷ್ಟು ಸಾಕಾಯಿತು. ಬ್ಲಾಸಾ ಕೋಲು ನೆಲಕ್ಕೆ ಕುಟ್ಟಿದಳು.

"ಮರೆತೆನಾ? ನಾನು ಮದುವೆ ದಿನ ಮರೆತಿದೀನಿ, ದೇವರ ಹರಕೆ ಮರೆತಿದೀನಿ, ಪಾಳಿ ಮರೆತಿಲ್ಲ ಕಣೇ! ಯಾವತ್ತೂ ಮರೆತಿಲ್ಲ! ಹನ್ನೊಂದು ಹೊಡಿಯೋವಾಗ ನಾನು ಈ ಕಂಬದ ಹತ್ರ ಇರ್ಲೇ ಇಲ್ಲ. ಒಬ್ದೂಲಿಯಾ ಬೆಂಚಿನ ಮೇಲೆ ಕೂತು ಚುರ್ರೋ ತಿಂತಿದ್ದೆ. ಶಾಲು ನಿನ್ನ ಮೂಗಿಗೆ ತಾಗಿತಂತೆ! ಅಲ್ಲಿಂದ ಇಲ್ಲೀವರೆಗೆ ನಿನ್ನ ಮೂಗು ಬೆಳೆದಿತ್ತಾ?"

ಬೀದಿಯೆಲ್ಲ ನಕ್ಕಿತು. ಒಳಉಡುಪಿನವನು ಕುರ್ಚಿ ಮೇಲಿಂದ ಚಪ್ಪಾಳೆ ಹೊಡೆದ.

"ಚುರ್ರೋ ಕೊಟ್ಟಿದ್ದು ಯಾರು, ಬ್ಲಾಸಕ್ಕಾ?" ಎಂದು ಕೇಳಿದೆ.

"ಇನ್ಯಾರು, ಎಲಾದಿಯೋ. ಗಂಟೆ ಹೊಡೆದು ಮುಗಿಯೋ ತನಕ ನನ್ನ ಮುಂದೇ ನಿಂತು ತನ್ನ ಮಂಡಿ ನೋವಿನ ಕತೆ ಹೇಳ್ತಿದ್ದ. ಜಾಡಿ ತಬ್ಕೊಳ್ಳೋಕೆ ಅವನಿಗೆ ಮೂರನೇ ಕೈ ಇರ್ಲಿಲ್ಲ."

"ನೀನು ಇರ್ಲಿಲ್ವಾ ಅಂಗಡೀಲಿ?" ಎಂದು ತೆಕ್ಲಾ ನನ್ನನ್ನು ಕೇಳಿದಳು.

"ಹಿಟ್ಟು ತರೋಕೆ ಹಿಂದೆ ವ್ಯಾನಿಗೆ ಹೋಗಿದ್ದೆ. ಇದ್ದಿದ್ರೆ ಈ ಗೋಳೇ ಇರ್ತಿರ್ಲಿಲ್ಲ, ಅವತ್ತೇ ಇವಳ ಬಾಯಿ ಮುಚ್ಚಿಸ್ತಿದ್ದೆ."

ನಮ್ಮ ಅಂಗಡಿಯ ಕಡೆಯಿಂದ ಟಣ್ ಎಂದಿತು. ಎಲಾದಿಯೋನ ಕೈಯಿಂದ ಕಡ್ಡಿ ಜಾರಿ ಬಾಣಲೆಗೆ ಬಡಿದು ಕೆಳಗೆ ಬಿದ್ದಿತ್ತು. ಖುಷಿಗೆ ಅಂದುಕೊಂಡೆ. ಕೈ ಬೀಸಿದೆ. ಅವನು ಬೀಸಲಿಲ್ಲ.

ಇತ್ತ ಹೆಂಗಸರು ಹಬ್ಬ ಮಾಡುತ್ತಿದ್ದರು. "ಯಾರಾದ್ರೂ ರುಫೀನೋನ ಕರೀರೇ!" ಎಂದು ಪೂರಾ ಕೂಗಿದಳು. ಇಂಗ್ಲಿಷಪ್ಪ ಏನೂ ಅರ್ಥವಾಗದಿದ್ದರೂ ಎಲ್ಲರ ಕೈ ಕುಲುಕುತ್ತಿದ್ದ. ಸಿಂತಾ ಸೌಟು ಕೆಳಗಿಟ್ಟು ಓಡಿ ಬಂದು ನನ್ನ ಕೆನ್ನೆಗೆ ಮುತ್ತಿಟ್ಟಳು. ಅವಳ ಕೈ ತಣ್ಣಗಿತ್ತು, ಇಡೀ ದಿನ ಉಪ್ಪುನೀರಿನಲ್ಲಿ ಅದ್ದುವ ಕೈ.

ನಾನು ಕಾಸಿಲ್ದಾಳ ರಟ್ಟೆ ಹಿಡಿದು ಡೇರೆಯ ಹಿಂದಕ್ಕೆ ಎಳೆದುಕೊಂಡು ಹೋದೆ.

"ಈಗ ಹೇಳು. ಯಾರಿಗೋಸ್ಕರ ಸುಳ್ಳು ಹೇಳಿದೆ? ಕದ್ದಿದ್ದು ನೀನಾ?"

"ನನಗ್ಯಾಕೆ ಬೇಕು ಆ ಹುಳಿ ನೀರು?"

"ಮತ್ತೆ ನನ್ನ ಗಂಡನ ಮೇಲೆ ಯಾವ ಜನ್ಮದ ಹಗೆ ನಿಂಗೆ? ಒಂದು ಹಾಡಿಗೆ ಕುಣಿದು ಬಿಟ್ಟುಹೋದ ಅಂತಾನಾ?"

ಕಾಸಿಲ್ದಾ ನನ್ನನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ಕಾಸಿಲ್ದಾ ಅಳುವುದನ್ನು ಕಂಡರೆ ಖುಷಿಯಾಗುತ್ತದೆಂದು ಎಷ್ಟೋ ವರ್ಷಗಳಿಂದ ನಂಬಿದ್ದೆ, ಆಗಲಿಲ್ಲ.

"ನಾನು ಅವನ ಮೇಲಿನ ಹಗೆಗೆ ಹೇಳಿಲ್ಲ ಕಣೇ, ಹುಚ್ಚಿ," ಅಂದಳು. "ಹೇಳು ಅಂದಿದ್ದೇ ಅವನು. ಶನಿವಾರ ಬೆಳಿಗ್ಗೆ ಮನೆ ಬಾಗಿಲಿಗೆ ಬಂದು ಕೈ ಮುಗಿದ. ಕಾಸಿಲ್ದಾ, ಜಾಡಿ ಒಯ್ದದ್ದು ನಾನೇ ಅಂತ ನೋಡಿದ ಹಾಗೆ ಹೇಳ್ಬಿಡು ಅಂದ. ಯಾಕೆ ಅಂದ್ರೆ ಹೇಳ್ಲಿಲ್ಲ. ಹೋಗಿ ನಿನ್ನ ಗಂಡನ್ನ ಕೇಳು."

ಮೂಗೊರೆಸಿಕೊಂಡು ಟೋಪಿ ಮಾರಲು ಹೋದಳು.

ನಾನು ನಿಂತಲ್ಲೇ ನಿಂತೆ. ತನ್ನ ಮೇಲೆ ತಾನೇ ಸಾಕ್ಷಿ ಹೇಳಿಸುವ ಮನುಷ್ಯನನ್ನು ಯಾರಾದರೂ ಕಂಡಿದ್ದಾರೆಯೇ? ನೇರ ನಮ್ಮ ಅಂಗಡಿಗೆ ನಡೆದು, ಒಲೆ ಆರಿಸಿ, ಎಲಾದಿಯೋನ ಕೊರಳ ಟವೆಲ್ ಹಿಡಿದು ಹಿಟ್ಟಿನ ಮೂಟೆಗಳ ಹಿಂದೆ ಕೂರಿಸಿದೆ.

"ಹೇಳು."

ಅವನು ಮಂಡಿ ಸವರಿಕೊಂಡ. ಸುತ್ತ ನೋಡಿದ. ಪಿಸುದನಿಯಲ್ಲಿ ಹೇಳಿದ.

"ಬಿಟ್ಟುಬಿಡು ಅಂತ ಎಷ್ಟು ಸಲ ಹೇಳ್ದೆ, ಒಬ್ದೂಲಿಯಾ. ಕೇಳಿದ್ಯಾ? ಈಗ ಬೀದಿಯವರ ಮುಂದೆ ನೀನೇ ಹೇಳ್ಕೊಂಡೆ, ಆ ಹೊತ್ತಲ್ಲಿ ಹಿಂದೆ ಹೋಗಿದ್ದೆ ಅಂತ. ನಾನು ಇಷ್ಟು ದಿನ ಮುಚ್ಚಿಟ್ಟಿದ್ದು ನೀರಲ್ಲಿ ಹೋಯ್ತು."

"ಏನು ಮುಚ್ಚಿಟ್ಟೆ?"

"ಇನ್ನೂ ನಾಟಕಾನಾ? ನನ್ನ ಮುಂದೂನಾ?" ಅವನ ದನಿ ಒಡೆಯಿತು. "ಹೋದ ಶುಕ್ರವಾರ ರಾತ್ರಿ ಚಳಿ ಅಂತ ಕಂಬಳಿ ತೆಗೆಯೋಕೆ ನಿನ್ನ ಪೆಟ್ಟಿಗೆ ತೆಗೆದೆ. ಜಾಡಿ ಅಲ್ಲೇ ಇತ್ತು, ನಿನ್ನ ಕಂಬಳಿ ಕೆಳಗೆ, ಬಾಯಿಗೆ ಬಟ್ಟೆ ಕಟ್ಟಿ. ಈಗಲೂ ಇದೆ. ಉಪ್ಪುನೀರು ಹರಿದು ಹಿಟ್ಟಿನ ಚೀಲ ನೆನೆಯಿತು ಅಂತ ನೀನು ಸಿಂತಾ ಮೇಲೆ ಹಾರಾಡಿದ್ದೆಯಲ್ಲ, 'ನಿನ್ನ ಜಾಡಿ ಸಮುದ್ರಕ್ಕೆ ಎಸೀತೀನಿ' ಅಂತ. ಸಿಟ್ಟಲ್ಲಿ ಮಾಡಿರ್ತಾಳೆ, ಆಮೇಲೆ ಒಪ್ಕೊಳ್ಳೋಕೆ ಬಾಯಿ ಬರ್ತಿಲ್ಲ ಅಂದ್ಕೊಂಡೆ. ಇಬ್ಬರಲ್ಲಿ ಒಬ್ಬರಿಗೆ ಕಳ್ಳರು ಅನ್ನಿಸ್ಕೊಳ್ಳೋ ಹಣೆಬರಹ ಇದ್ರೆ ನನಗೇ ಇರಲಿ ಅಂದ್ಕೊಂಡೆ."

ನಾನು ಅವನ ಕೊರಳಿನ ಟವೆಲ್ ಎಳೆದುಕೊಂಡೆ.

"ನೀನು ನೋಡಿದ್ರೆ ಊರೆಲ್ಲ ಸುತ್ತಿ ಕಳ್ಳನ್ನ ಹುಡುಕ್ತಿದ್ದೆ," ಎಂದು ಅವನು ತಲೆ ಅಲ್ಲಾಡಿಸಿದ. "ಎಂಥಾ ನಟನೆ ಇವಳದು ಅಂತ ಒಳಗೊಳಗೇ ಮೆಚ್ಚಿಕೊಂಡಿದ್ದೆ."

ಟವೆಲಿನಿಂದ ಅವನಿಗೆ ಹೊಡೆದೆ. ಒಂದಲ್ಲ, ಕೈ ಸೋಲುವ ತನಕ ಹೊಡೆದೆ. ಆಮೇಲೆ ಅದೇ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಸಿಟ್ಟೂ ಬರುತ್ತಿತ್ತು, ಇಂಥವನನ್ನು ಕಟ್ಟಿಕೊಂಡ ನನ್ನ ಪುಣ್ಯಕ್ಕೆ ಹಿಗ್ಗೂ ಆಗುತ್ತಿತ್ತು.

"ಮಂಕೇ," ಅಂದೆ. "ಮುಟ್ಟಾಳ! ನಾನು ಮುಟ್ಟಿಲ್ಲ. ನಿನ್ನ ತಾಯಾಣೆ, ಆ ಜಾಡಿ ನಾನು ಮುಟ್ಟಿಲ್ಲ."

ಎಲಾದಿಯೋ ನನ್ನ ಮುಖ ನೋಡಿದ. ನಾನು ಸುಳ್ಳು ಹೇಳುವಾಗ ಹೇಗೆ ಕಾಣುತ್ತೇನೆಂದು ಅವನಿಗೆ ಚೆನ್ನಾಗಿ ಗೊತ್ತು. ಹಣೆಯ ಗಂಟು ಸಡಿಲವಾಯಿತು. ಆಮೇಲೆ, ನಿಧಾನವಾಗಿ, ಮತ್ತೆ ಬಿಗಿಯಾಯಿತು.

"ಹಾಗಾದ್ರೆ ಅದು ನಮ್ಮ ಮನೆಗೆ ಹೇಗೆ ಬಂತು? ಬಾಗಿಲ ಬೀಗ ಹಾಕಿದ ಹಾಗೇ ಇತ್ತು."

ನಮ್ಮ ಮನೆಯ ಬೀಗದಕೈ ಒಂದು ನನ್ನ ಹತ್ತಿರ, ಒಂದು ಅವನ ಹತ್ತಿರ. ಇನ್ನೊಂದನ್ನು ಬೇಸಿಗೆಯಲ್ಲಿ ತಂಗಿಯ ಊರಿಗೆ ಹೋಗುವಾಗ, ಹೂಕುಂಡಗಳಿಗೆ ನೀರು ಹಾಕಲೆಂದು ಸಿಂತಾಳಿಗೆ ಕೊಟ್ಟಿದ್ದೆ. ವಾಪಸ್ ಕೇಳಿರಲಿಲ್ಲ. ಯಾಕೆ ಕೇಳಬೇಕು, ಮನೆಮಗಳು.

ಇಬ್ಬರೂ ಒಟ್ಟಿಗೇ ಅದನ್ನು ನೆನೆದೆವೆಂದು ಕಾಣುತ್ತದೆ. ಅವನು ನನ್ನ ಕೈ ಹಿಡಿದ. ಹಿಂದಿನ ಶುಕ್ರವಾರ ಆ ಜಾಡಿಯನ್ನು ಸಂತೆಯಲ್ಲಿ ಕಣ್ಣಾರೆ ಕಂಡವರು ಯಾರಿದ್ದರು? ಬ್ಲಾಸಾ ನೋಡಿರಲಿಲ್ಲ, ಪೂರಾ ನೋಡಿರಲಿಲ್ಲ, ಪಕ್ಕದಲ್ಲೇ ಇದ್ದ ನಾನೂ ನೋಡಿರಲಿಲ್ಲ. ಇತ್ತು ಎಂದು ಸಿಂತಾ ಹೇಳಿದ್ದಳು, ಊರೆಲ್ಲ ನಂಬಿತ್ತು. ಜಾಡಿ ಸಂತೆಗೆ ಬಂದೇ ಇರಲಿಲ್ಲ, ಅವಳ ಕೈಲಿದ್ದ ಬೀಗದಕೈಯಿಂದ ನಮ್ಮ ಪೆಟ್ಟಿಗೆ ಸೇರಿತ್ತು.

ಮೂಟೆಗಳ ಮೇಲಿಂದ ಇಣುಕಿದೆ. ಹೆಂಗಸರು ದಾರಿ ಬಿಡುತ್ತಿದ್ದರು. ಅವರ ನಡುವೆ ರುಫೀನೋ ಟೋಪಿ ಸರಿಮಾಡಿಕೊಳ್ಳುತ್ತ, ಮುಖ ಅರಳಿಸಿಕೊಂಡು ಬರುತ್ತಿದ್ದ. ಅವನ ತೋಳಿಗೆ ತೋಳು ಹಾಕಿಕೊಂಡು ಸಿಂತಾ ಬರುತ್ತಿದ್ದಳು, ನಾನೇ ಎತ್ತಿ ಆಡಿಸಿದ ನನ್ನ ಸಿಂತಾ.

"ಅತ್ತೇ!" ಎಂದು ಕೂಗಿದಳು, ಬೀದಿಗೆಲ್ಲ ಕೇಳುವ ಹಾಗೆ, ನಗುನಗುತ್ತ. "ಮಾವ ಅಲ್ಲ ಅಂತ ಗೊತ್ತಾಯ್ತಲ್ಲ. ಮತ್ತೆ ಯಾರು? ಹೇಳ್ಬಿಡು ರುಫೀನೋಗೆ!"